ಇನ್ನೊಂದು ಪೊಟ್ಟಣ

ಕರಿಹಲಗೆಯ ಮೇಲೆ ನಾಲ್ಕನೆಯ ಕಾರಣ ಬರೆಯುತ್ತಿದ್ದಾಗ ಕೆಂಪರಾಜುವಿಗೆ ಆಧಾರ್ ಕಾರ್ಡು ನೆನಪಾಗಿ ಷರ್ಟಿನ ಜೇಬು ಮುಟ್ಟಿ ನೋಡಿಕೊಂಡ. ಇತ್ತು. ಬೆಳಿಗ್ಗೆಯಿಂದ ಇದು ಐದನೆಯ ಸಲವೋ ಆರನೆಯ ಸಲವೋ. ಒಂದು, ಭೂಮಿಯ ಕೊರತೆ. ಎರಡು, ವ್ಯಾಪಾರ. ಮೂರು, ಊರೊಳಗಿನ ಜಗಳ ಮತ್ತು ಗಡೀಪಾರು. ನಾಲ್ಕು, ದೇವವಾಣಿ. ಪ್ರಾಚೀನ ಗ್ರೀಕರು ಹುಟ್ಟಿದ ಊರು ಬಿಟ್ಟು ಸಮುದ್ರ ದಾಟಿ ಇನ್ನೊಂದು ಊರು ಕಟ್ಟಿದ್ದು ಯಾಕೆ ಎನ್ನುವುದಕ್ಕೆ ಇಪ್ಪತ್ತಾರು ವರ್ಷದಿಂದ ಅವನು ಮಂಡ್ಯದ ಈ ಕಾಲೇಜಿನಲ್ಲಿ ಇದೇ ನಾಲ್ಕು ಕಾರಣಗಳನ್ನು ಇದೇ ಕ್ರಮದಲ್ಲಿ ಬರೆಯುತ್ತ ಬಂದಿದ್ದಾನೆ. ರೋಮನರದು ಬೇರೆ ಪಟ್ಟಿ. ಗೆದ್ದ ನೆಲಕ್ಕೆ ಕಾವಲು, ದಂಡಿನಿಂದ ಬಿಡುಗಡೆಯಾದವರಿಗೆ ಜಮೀನು, ರಾಜಧಾನಿಯ ಬಡವರನ್ನು ದೂರ ಸಾಗಹಾಕುವುದು. ಹತ್ತು ಅಂಕದ ಪ್ರಶ್ನೆ. ಎರಡು ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಕಾರಣಗಳನ್ನು ಬರೆಯುವಾಗ ಅವನ ಕೈ ತಾನಾಗಿ ಓಡುತ್ತದೆ, ತಲೆ ಎಲ್ಲೋ ಇರುತ್ತದೆ. ಇವತ್ತು ಅದು ಮೊನ್ನೆ ಬಂದ ಫೋನಿನಲ್ಲಿತ್ತು. ಊರಿನಿಂದ ಅಣ್ಣ ದೊಡ್ಡಸಿದ್ದಯ್ಯ ಮಾಡಿದ್ದ. ಅವನು ಮಾತಾಡಿದ್ದೇ ಮೂರು ಮಾತು. ಗುರುವಾರ ಒಂದು ಗಳಿಗೆ ಬಂದೋಗು. ಅವ್ವನ ಪೆಟ್ಟಿಗೇಲಿ ಒಂದು ಸಾಮಾನು ಸಿಕ್ಕದೆ, ಫೋನಲ್ಲಿ ಏಳಾದಲ್ಲ. ಬತ್ತಾ ಆಧಾರ್ ಕಾರ್ಡು ತತ್ತಾ. ಮೊದಲ ಎರಡು ಮಾತಿಗೆ ಕೆಂಪರಾಜುವಿನ ಎದೆ ಧಸಕ್ಕೆಂದಿತ್ತು. ಮೂರನೆಯದಕ್ಕೆ ಸರಿಹೋಯಿತು. ಆಧಾರ್ ಕಾರ್ಡು ಕೇಳಿದವನಿಗೆ ಬೇಕಾಗಿರುವುದು ರುಜು; ಅವ್ವ ತೀರಿಕೊಂಡು ನಾಲ್ಕು ತಿಂಗಳಾಗಿದೆ, ಜಮೀನಿನ ಹಕ್ಕು ಬಿಡಿಸಿಕೊಳ್ಳುವುದಕ್ಕೆ ಇದೇ ಹೊತ್ತು. ಪೆಟ್ಟಿಗೆ ಸಾಮಾನು ಎಲ್ಲ ಬರಿಯ ನೆಪ. ಹಾಗೆಂದು ತೀರ್ಮಾನ ಮಾಡಿದ ಮೇಲೆ ಅವನಿಗೆ ಒಂದು ಥರದ ನೆಮ್ಮದಿಯೇ ಆಗಿತ್ತು, ಬೈಯುವುದಕ್ಕೆ ಒಂದು ಕಾರಣ ಸಿಕ್ಕಿತಲ್ಲ ಎಂದು.

ಚಾಕ್‌ಪೀಸಿನ ಪುಡಿ ಕೊಡವಿಕೊಂಡು ಅವನು ಪ್ರತಿವರ್ಷ ಹೇಳುವ ಥೀರಾ ದ್ವೀಪದ ಕಥೆ ಹೇಳಿದ. ಏಳು ವರ್ಷ ಮಳೆ ಬರಲಿಲ್ಲವಂತೆ. ಡೆಲ್ಫಿಯ ದೇವರನ್ನು ಕೇಳಿದರೆ ಆಫ್ರಿಕದ ದಡದಲ್ಲಿ ಹೊಸ ಊರು ಕಟ್ಟಿ ಎಂದಿತಂತೆ. ಹೋಗುವವರು ಯಾರು? ಅಣ್ಣತಮ್ಮಂದಿರಿರುವ ಮನೆಯಲ್ಲಿ ಚೀಟಿ ಎತ್ತಿ ಒಬ್ಬನನ್ನು ಕಳಿಸುವುದು ಎಂದು ನಿರ್ಣಯವಾಯಿತು. ಬಂದ ಚೀಟಿಗೆ ಒಪ್ಪದವನಿಗೆ ಮರಣದಂಡನೆ. ಹುಡುಗರು ಸ್ವಲ್ಪ ಕತ್ತೆತ್ತುವುದು ಈ ಜಾಗದಲ್ಲಿ. ಅವರು ಕತ್ತೆತ್ತಿದ್ದನ್ನು ಕಂಡು ಕೆಂಪರಾಜು ತನ್ನದನ್ನೂ ಹೇಳಿಬಿಡುವುದು ವಾಡಿಕೆ. ನಾನೂ ಹಾಗೇ ಊರು ಬಿಟ್ಟವನು ಕಣ್ರಪ್ಪ. ನಮ್ಮೂರು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ. ನಮ್ಮಪ್ಪನ ಸೊಂಟ ಬಿದ್ದುಹೋದ ವರ್ಷ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನನ್ನು ನಿಡಘಟ್ಟದ ದೊಡ್ಡವ್ವನ ಮನೆಗೆ ಕಳಿಸಬೇಕು, ಅಲ್ಲಿ ಇಸ್ಕೂಲಿಗೆ ಹಾಕುತ್ತಾರೆ ಎಂದಾಯಿತು. ಮನೆದೇವರ ಮುಂದೆ ಎರಡು ಪೊಟ್ಟಣ ಇಟ್ಟರು. ಒಂದರಲ್ಲಿ ಕುಂಕುಮ, ಒಂದರಲ್ಲಿ ಧೂಳ್ತ, ಅಂದರೆ ನಮ್ಮ ಒಕ್ಕಲಿನವರು ಹಣೆಗೆ ಇಟ್ಟುಕೊಳ್ಳುವ ಕಪ್ಪು ಬೂದಿ. ಚಿಕ್ಕವನಾದ ನಾನು ಎತ್ತಬೇಕು. ಕುಂಕುಮ ಬಂದರೆ ನಾನು ಹೋಗುವುದು, ಧೂಳ್ತ ಬಂದರೆ ಅಣ್ಣ. ನನ್ನ ಕೈಗೆ ಕುಂಕುಮ ಬಂತು, ಅದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ. ಇಲ್ಲಿ ಅವನು ಎರಡೂ ಕೈ ಅಗಲಿಸಿ ನಗುತ್ತಾನೆ, ಹುಡುಗರೂ ನಗುತ್ತಾರೆ, ಗಂಟೆ ಹೊಡೆಯುತ್ತದೆ. ಇವತ್ತು ಗಂಟೆ ಹೊಡೆಯುವುದಕ್ಕೆ ಇನ್ನೂ ಮೂರು ನಿಮಿಷ ಇತ್ತು. ಎರಡನೆಯ ಸಾಲಿನಿಂದ ನಾಗಶ್ರೀ ಎದ್ದು ನಿಂತಳು. ನೋಟ್ಸಿನಲ್ಲಿ ಎರಡೆರಡು ಬಣ್ಣದ ಪೆನ್ನು ಬಳಸುವ, ಯಾವತ್ತೂ ಬಾಯಿ ಬಿಡದ ಹುಡುಗಿ.

"ಸಾರ್, ಇನ್ನೊಂದು ಪೊಟ್ಟಣದಲ್ಲಿ ಏನಿತ್ತು?"

ಧೂಳ್ತ ಎಂದೆನಲ್ಲ ಎಂದ ಕೆಂಪರಾಜು. ಹುಡುಗಿ ಕೂರಲಿಲ್ಲ. "ಬಿಚ್ಚಿ ನೋಡಿದ್ರಾ ಸಾರ್?" ಎಂದಳು. ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ. ಲೆಕ್ಕದಲ್ಲಿ ಒಂದು ಹಂತ ಬಿಟ್ಟುಹೋಗಿದೆ ಎನ್ನುವವಳ ದನಿಯಷ್ಟೆ. ಆದರೆ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪರೀಕ್ಷೆಗೆ ಬೇಕಾದ್ದನ್ನು ಮೊದಲು ಬರೆದುಕೊಳ್ಳಮ್ಮ, ನಿನ್ನ ಇಂಟರ್ನಲ್ಸ್ ಹೇಗಿದೆ ಅಂತ ನನಗೂ ಗೊತ್ತು ಎಂದು ಕೆಂಪರಾಜು ಹೇಳಿಬಿಟ್ಟ. ಅವಳ ಇಂಟರ್ನಲ್ಸ್ ಚೆನ್ನಾಗಿಯೇ ಇತ್ತು. ಹುಡುಗಿ ತಲೆ ತಗ್ಗಿಸಿ ಕೂತಳು, ಕಿವಿ ಕೆಂಪಾಗಿತ್ತು. ಅವನು ಹಲಗೆ ಒರೆಸುವ ನೆಪದಲ್ಲಿ ತಿರುಗಿ ನಿಂತು, ನಾಲ್ಕೂ ಕಾರಣ ಅಳಿಸಿ, ಮತ್ತೂ ಒರೆಸಿದ.

ಬಿಚ್ಚಿ ನೋಡಿರಲಿಲ್ಲ. ನೋಡುವ ಹಾಗಿರಲಿಲ್ಲ. ಎತ್ತಿದ ಪೊಟ್ಟಣ ಬಿಚ್ಚಬೇಕು, ಉಳಿದದ್ದನ್ನು ಬಿಚ್ಚಬಾರದು, ಅದೇ ದಿನ ಹರಿಯುವ ನೀರಿಗೆ ಬಿಡಬೇಕು. ಉಳಿದದ್ದನ್ನು ಬಿಚ್ಚಿದರೆ ದೇವರ ಮೇಲೆ ಅನುಮಾನ ಪಟ್ಟಹಾಗೆ. ಅವತ್ತು ಅವ್ವ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ನಾಲೆ ಕಡೆ ಹೋದದ್ದು ಅವನ ಕಣ್ಣಿಗೆ ಕಟ್ಟಿದಹಾಗಿದೆ. ನಲವತ್ತಮೂರು ವರ್ಷ ಈ ಕಥೆಯನ್ನು ಎಷ್ಟೋ ಜನಕ್ಕೆ ಹೇಳಿದ್ದಾನೆ, ಮದುವೆಗೆ ಮುಂಚೆ ಅರುಂಧತಿಗೆ ಹೇಳಿದ್ದಾನೆ, ನಿವೃತ್ತರಾಗುವವರ ಸಮಾರಂಭದಲ್ಲಿ ಮೈಕಿನಲ್ಲಿ ಹೇಳಿದ್ದಾನೆ. ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಹಾಗೆಂದರೆ ಸುಳ್ಳಾದೀತು. ಒಬ್ಬ ಕೇಳುತ್ತಲೇ ಇದ್ದ. ರಾತ್ರಿ ಮಗ್ಗುಲು ಬದಲಿಸುವಾಗ, ಷೇವ್ ಮಾಡಿಕೊಳ್ಳುವಾಗ, ಒಳಗೆ ಕೂತು ಅದನ್ನೇ ಕೇಳುತ್ತಿದ್ದ ಒಬ್ಬ. ಆ ಹುಡುಗಿಗೆ ಅವನ ದನಿ ಹೇಗೆ ಕೇಳಿಸಿತು ಎನ್ನುವುದೇ ಕೆಂಪರಾಜುವಿನ ಸಿಟ್ಟು.

ಹೊರಡುವ ಮುಂಚೆ ಮನೆಗೆ ಫೋನ್ ಮಾಡಿದ. ಅರುಂಧತಿ, ಕೇಳಿದ್ದಕ್ಕೆಲ್ಲ ರುಜು ಹಾಕಬೇಡಿ ಎಂದೇನೂ ಹೇಳಲಿಲ್ಲ. ಹಾಗೆ ಹೇಳಲಿ ಎಂದೇ ಅವನು ಮಾಡಿದ್ದು. ಅವಳು, ಹೋಗಿಬನ್ನಿ, ಊಟ ಹಾಕಿದರೆ ಉಂಡು ಬನ್ನಿ, ಅನ್ನದಲ್ಲಿ ಕಲ್ಲು ಹುಡುಕುತ್ತಾ ಕೂರಬೇಡಿ ಎಂದಳು. ಕಲ್ಲು ಹುಡುಕುವುದು ಅವನ ಕಸುಬು ಎಂದು ಅವಳಿಗೆ ಗೊತ್ತಿಲ್ಲದೆ ಇಲ್ಲ. ಒಂದು ಶಾಸನ ಸಿಕ್ಕರೆ ಅದರಲ್ಲಿ ಬರೆದದ್ದು ಏನು ಎನ್ನುವುದಕ್ಕಿಂತ ಬರೆಸಿದವನಿಗೆ ಏನು ಲಾಭ ಎಂದು ಮೊದಲು ನೋಡು ಎಂದು ಅವನ ಮೇಷ್ಟರು ಕಲಿಸಿದ್ದರು. ಶಾಸನಕ್ಕೆ ಸಲ್ಲುವುದನ್ನು ಅವನು ಎಲ್ಲಕ್ಕೂ ಸಲ್ಲಿಸಿಬಿಟ್ಟ. ಪಕ್ಕದ ಮನೆಯವರು ಬೀಗರ ಊರಿನಿಂದ ಬಂದ ಹಲಸಿನ ತೊಳೆ ಕೊಟ್ಟರೆ ಅವರಿಗೆ ನಮ್ಮಿಂದ ಏನಾಗಬೇಕಾಗಿದೆ ಎಂದು ಅವನು ಎರಡು ದಿನ ಯೋಚಿಸುತ್ತಾನೆ. ಮೂರನೆಯ ದಿನ ಅವರು ಏನೂ ಕೇಳದಿದ್ದರೆ ಅನುಮಾನ ಇನ್ನೂ ಹೆಚ್ಚಾಗುತ್ತದೆ.

ಮದ್ದೂರಿನಲ್ಲಿ ಇಳಿದು ಮಳವಳ್ಳಿ ಬಸ್ಸು ಹಿಡಿದ. ಇದೇ ಸ್ಟ್ಯಾಂಡು; ಆಗ ಇಷ್ಟು ದೊಡ್ಡದಿರಲಿಲ್ಲ. ಒಂದು ಕಡೆ ಹೋದರೆ ನಿಡಘಟ್ಟ, ಬೆಂಗಳೂರು. ಇನ್ನೊಂದು ಕಡೆ ಹೋದರೆ ಕೆ.ಎಂ. ದೊಡ್ಡಿ, ಮಳವಳ್ಳಿ. ಹತ್ತು ವರ್ಷದವನು ಇಲ್ಲೇ ಬಾವ ಒಬ್ಬನ ಕೈಹಿಡಿದು ಇಳಿದಿದ್ದ, ಇನ್ನೊಂದು ಕೈಯಲ್ಲಿ ಸಣ್ಣ ಹಿತ್ತಾಳೆ ಚೊಂಬು. ಅದರಲ್ಲಿ ಅವ್ವ ಕೊಟ್ಟ ಹೆಪ್ಪು ಇತ್ತು. ನಮ್ಮ ಮನೆ ಹೆಪ್ಪು, ಅಕ್ಕನ ಮನೇಲೂ ಇದೇ ನಡೀಲಿ ಎಂದಿದ್ದಳು. ಗ್ರೀಕರು ಹೊಸ ಊರಿಗೆ ಹೊರಡುವಾಗ ಹಳೆಯ ಊರಿನ ಒಲೆಯಿಂದ ಬೆಂಕಿ ತೆಗೆದುಕೊಂಡು ಹೋಗುತ್ತಿದ್ದರು ಎಂದು ಓದಿದ ದಿನ ಅವನಿಗೆ ನೆನಪಾದದ್ದು ಆ ಚೊಂಬು. ಬಸ್ಸಿನ ಕುಲುಕಾಟಕ್ಕೆ ಅರ್ಧ ಹೆಪ್ಪು ಅಂಗಿಯ ಮೇಲೆ ಚೆಲ್ಲಿತ್ತು. ದೊಡ್ಡವ್ವ ಹೊಂಬಾಳಮ್ಮ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, ಇದೇನ್ಲಾ ಹುಳಿನಾತ ಎಂದು ಚೊಂಬು ಇಸಿದುಕೊಂಡು, ಉಳಿದರ್ಧವನ್ನು ಬಚ್ಚಲಿಗೆ ಸುರಿದು ಬೆಳಗಿಟ್ಟಳು. ಅವಳ ಮನೆಯಲ್ಲಿ ಮೊಸರಿಗೆ ಬರವಿರಲಿಲ್ಲ. ಗಂಡ ರಸ್ತೆ ಕೆಲಸದ ಮೇಸ್ತ್ರಿ, ಮನೆಯಲ್ಲಿ ಕರೆಂಟಿತ್ತು, ರೇಡಿಯೋ ಇತ್ತು, ಮಕ್ಕಳಿರಲಿಲ್ಲ. ಕೆಟ್ಟವಳಲ್ಲ. ಇಸ್ಕೂಲಿಗೆ ಹಾಕಿದಳು, ಬಿಳಿ ಕ್ಯಾನ್ವಾಸ್ ಬೂಟು ತೆಗೆಸಿಕೊಟ್ಟಳು, ನೀರು ಸೇದಿಸಿದಳು, ಸೊಂಟ ತುಳಿಸಿಕೊಂಡಳು. ಮಗ ಎಂದು ಕರೆದಳೋ ಆಳು ಎಂದು ಕರೆದಳೋ ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಕಿಟಕಿಯಲ್ಲಿ ಕಬ್ಬು, ಮತ್ತೆ ಕಬ್ಬು. ಮುಂದೆ ಕಬ್ಬಿನ ಟ್ರಾಕ್ಟರು ತೆವಳುತ್ತಿದ್ದರಿಂದ ಬಸ್ಸೂ ತೆವಳುತ್ತಿತ್ತು. ಅವನು ಮನಸ್ಸಿನಲ್ಲೇ ಹಲಗೆ ಮೇಲೆ ಬರೆದ. ಕೆಂಪರಾಜುವನ್ನು ಪೂರಿಗಾಲಿಯಿಂದ ಸಾಗಹಾಕಲು ಕಾರಣಗಳು. ಒಂದು, ಮನೆಯಲ್ಲಿ ಹೊಟ್ಟೆಗೆ ಸಾಲುತ್ತಿರಲಿಲ್ಲ. ಎರಡು, ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಮೂರು, ಹತ್ತು ವರ್ಷವಾದರೂ ಅವನು ಹಾಸಿಗೆ ಒದ್ದೆ ಮಾಡುತ್ತಿದ್ದ. ಬೆಳಿಗ್ಗೆ ಎದ್ದು ಅವ್ವ ಮಾತಾಡದೆ ಕಂಬಳಿ ಒಗೆಯುತ್ತಿದ್ದಳು, ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು, ದೇವರು. ಇಷ್ಟರಲ್ಲಿ ಮೂರನೆಯದೇ ನಿಜವಾದದ್ದು ಎಂದು ಅವನಿಗೆ ಅನ್ನಿಸುತ್ತದೆ, ಉಳಿದದ್ದೆಲ್ಲ ಪರೀಕ್ಷೆಗೆ ಬರೆಯುವಂಥವು. ಪೊಟ್ಟಣ ಕಟ್ಟಿದವಳು ಅವ್ವ. ಅಪ್ಪ ಚಾಪೆ ಮೇಲೆ ಮಲಗಿದ್ದ. ಅವ್ವ ಅಡಿಗೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕಟ್ಟಿ ತಂದಳು. ಬಾಗಿಲು ಮುಂದೆ ಮಾಡಿಕೊಳ್ಳುವ ಅಗತ್ಯವೇನಿತ್ತು? ಎರಡರಲ್ಲೂ ಕುಂಕುಮ ಇಟ್ಟರೆ ಚಿಕ್ಕವನು ಯಾವುದನ್ನು ಎತ್ತಿದರೂ ಒಂದೇ. ಬೇಡದ ಮಗನನ್ನು ದೇವರ ಕೈಯಲ್ಲಿ ಕಳಿಸಿದರೆ ಯಾರೂ ಕೇಳುವ ಹಾಗಿಲ್ಲ. ಇದನ್ನು ಅವನು ಅವ್ವನ ಹತ್ತಿರ ಕೇಳಬಹುದಿತ್ತು. ನಾಲ್ಕು ತಿಂಗಳ ಹಿಂದಿನವರೆಗೆ, ನಲವತ್ತಮೂರು ವರ್ಷ, ಯಾವತ್ತಾದರೂ ಕೇಳಬಹುದಿತ್ತು. ಹಬ್ಬಕ್ಕೊಮ್ಮೆ ಹೋಗಿ ಸೀರೆ ಕೊಟ್ಟು, ಅರ್ಧ ದಿನ ಕೂತು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬರುತ್ತಿದ್ದ. ಕೇಳಿದರೆ ಅವಳು ಹೂಂ ಅಂದುಬಿಟ್ಟಾಳು ಎನ್ನುವ ಭಯ.

ಥೀರಾದ ಕಥೆಗೆ ಒಂದು ಬಾಲ ಇದೆ. ಅದನ್ನು ಅವನು ಕ್ಲಾಸಿನಲ್ಲಿ ಹೇಳುವುದಿಲ್ಲ. ಹೋದವರಿಗೆ ನೆಲೆ ಸಿಗದೆ ಹಡಗು ತಿರುಗಿಸಿಕೊಂಡು ಊರಿಗೆ ಬಂದರಂತೆ. ದಡದಲ್ಲಿ ನಿಂತಿದ್ದ ಊರಿನವರೇ, ಅಣ್ಣತಮ್ಮಂದಿರೇ, ಅವರಿಗೆ ಕೈಗೆ ಸಿಕ್ಕಿದ್ದನ್ನು ಬೀಸಿ ಹೊಡೆದು, ಇಳಿಯಗೊಡದೆ, ಬಂದ ದಾರಿಯಲ್ಲೇ ಹೋಗಿ ಎಂದರಂತೆ. ವರ್ಷ ತುಂಬುವ ಮುಂಚೆ, ಬೇಸಗೆ ರಜೆಗೂ ಕಾಯದೆ, ಹುಡುಗ ಕೆಂಪರಾಜು ಇದೇ ದಾರಿಯಲ್ಲಿ ಬಸ್ಸು ಹತ್ತಿ, ಕಂಡಕ್ಟರಿಗೆ ಮಾವ ಹಿಂದೆ ಕೂತಿದ್ದಾರೆ ಎಂದು ಸುಳ್ಳು ಹೇಳಿ, ಮಳವಳ್ಳಿಯಿಂದ ಕಬ್ಬಿನ ಗಾಡಿಯಲ್ಲಿ, ಆಮೇಲೆ ನಡೆದು, ಪೂರಿಗಾಲಿಯ ಅಂಚಿಗೆ ಬಂದಿದ್ದ. ಅಣ್ಣ ಗದ್ದೆಯಲ್ಲಿ ಹೆಂಟೆ ಒಡೆಯುತ್ತಿದ್ದ. ಇವನು ಅಣ್ಣಾ ಎಂದು ಕೂಗಿ ಓಡಿದ. ದೊಡ್ಡಸಿದ್ದಯ್ಯ ಇವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಬಗ್ಗಿ ಒಂದು ಹೆಂಟೆ ತೆಗೆದು ಬೀಸಿದ. ಆಟ ಎಂದುಕೊಂಡು ಇವನು ನಕ್ಕ. ಎರಡನೆಯದು ಹುಬ್ಬಿನ ಮೇಲೆ ಬಿತ್ತು. ಬರಬ್ಯಾಡ ಕಣ್ಲಾ ಊರೊಳಕ್ಕೆ, ಓಗು. ಮೂರನೆಯದು, ನಾಲ್ಕನೆಯದು. ಹುಬ್ಬಿನಿಂದ ರಕ್ತ ಸುರಿಸಿಕೊಂಡು ಇವನು ತಿರುಗಿ ಓಡಿದ, ಮನೆಯವರೆಗೂ ಹೋಗಲಿಲ್ಲ, ಅವ್ವನ ಮುಖ ನೋಡಲಿಲ್ಲ. ಗಾಯಕ್ಕೆ ಹೊಂಬಾಳಮ್ಮ ಕಾಫಿಪುಡಿ ಮೆತ್ತಿದಳು. ಅವತ್ತಿನಿಂದ ಕೆಂಪರಾಜು ಆ ಮನುಷ್ಯನನ್ನು ಅಣ್ಣ ಎಂದು ಕರೆದಿಲ್ಲ. ಎದುರಿಗೆ ಏನೂ ಕರೆಯುವುದಿಲ್ಲ, ಮಾತು ಶುರುಮಾಡುವಾಗ ಗಂಟಲು ಸರಿಮಾಡಿಕೊಳ್ಳುತ್ತಾನೆ. ಇದನ್ನು ಇನ್ನೊಬ್ಬರು ಗಮನಿಸಿರಲಾರರು ಎಂದು ಅವನ ನಂಬಿಕೆ.

ಮಳವಳ್ಳಿಯಲ್ಲಿ ಊರಿನ ಬಸ್ಸು ಆಗಲೇ ಹೋಗಿತ್ತು. ಆಟೋ ಹತ್ತಿದ. ಡ್ರೈವರು ಮುಕರ್ರಂ ಮಾತುಗಾರ. ಪೇಟೆ ಬೀದಿ ದಾಟುವಷ್ಟರಲ್ಲಿ ತನ್ನ ತಾತನ ಕಾಲದಿಂದ ತಮ್ಮದು ಮಳವಳ್ಳಿಯೇ, ಮೊದಲು ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ಕಟ್ಟುತ್ತಿದ್ದೆವು, ಈಗ ಆಟೋ ಎಂದೆಲ್ಲ ಹೇಳಿದ. ಪೂರಿಗಾಲೀಲಿ ಯಾರ ಮನೆಗೆ ಸಾರ್ ಎಂದು ಕೇಳಿದ. ದೊಡ್ಡಸಿದ್ದಯ್ಯನವರ ಮನೆಗೆ. ನಿಮಗೇನಾಗ್ಬೇಕು ಅವ್ರು? ಗೊತ್ತಿರೋರು ಎಂದ ಕೆಂಪರಾಜು. ಬಾಯಿಂದ ಬಿದ್ದ ಮೇಲೆ ಅವನಿಗೇ ಕಸಿವಿಸಿಯಾಯಿತು, ಆದರೆ ತಿದ್ದಲಿಲ್ಲ. ಮುಕರ್ರಂ ತಲೆಯಾಡಿಸಿದ. "ಅವ್ರ ತಮ್ಮ ಒಬ್ರು ಮಂಡ್ಯದಲ್ಲಿ ದೊಡ್ಡ ಮೇಷ್ಟ್ರಂತೆ ಸಾರ್. ನಮ್ ಗಾಡಿ ಹತ್ತಿದ್ರೆ ಅದೇ ಮಾತು ಅವ್ರದು. ನಿಮಗೂ ಗೊತ್ತಿರ್ಬೇಕಲ್ಲ." ಗೊತ್ತು ಎಂದು ಕೆಂಪರಾಜು ರಸ್ತೆ ಕಡೆ ನೋಡಿದ. ಸಂತೋಷವಾಗಬೇಕಾಗಿತ್ತು. ಅದರ ಬದಲು, ಯಾವ ದನಿಯಲ್ಲಿ ಹೇಳುತ್ತಿದ್ದ, ನಗುತ್ತಾ ಹೇಳುತ್ತಿದ್ದನೋ ಎಂದು ಕೇಳಬೇಕೆನಿಸಿತು. ಕನ್ನಡಿಯಲ್ಲಿ ಮುಕರ್ರಂ ತನ್ನ ಹುಬ್ಬಿನ ಕಲೆಯನ್ನು ನೋಡುತ್ತಿದ್ದಾನೆ ಎಂದೂ ಅನಿಸಿತು. ದೊಡ್ಡಸಿದ್ದಯ್ಯನ ಹುಬ್ಬೂ ಇವನದೂ ಒಂದೇ ಅಚ್ಚು, ಕಲೆ ಒಂದು ಬಿಟ್ಟರೆ.

ಅಣ್ಣ ಜಗಲಿಯ ಮೇಲೆ ಕಾಯುತ್ತಿದ್ದ. ಒಗೆದ ಪಂಚೆ ಉಟ್ಟು, ಹಣೆಗೆ ಧೂಳ್ತ ಇಟ್ಟುಕೊಂಡಿದ್ದ. ಎಲ್ಲಿಗೋ ಹೊರಟವನ ಹಾಗಿದ್ದ. ಎಲ್ಲಿಗೆ? ರಿಜಿಸ್ಟ್ರಾರ್ ಆಫೀಸಿಗೆ ಎಂದು ಕೆಂಪರಾಜು ತನಗೆ ತಾನೇ ಹೇಳಿಕೊಂಡ. ಅತ್ತಿಗೆ ತೋಟಕ್ಕೆ ಹೋಗಿದ್ದಾಳೆ, ನಾನೇ ಕಾಫಿ ಕಾಯಿಸ್ತೀನಿ ಎಂದು ದೊಡ್ಡಸಿದ್ದಯ್ಯ ಎದ್ದ. ಕೆಂಪರಾಜು ಗಂಟಲು ಸರಿಮಾಡಿಕೊಂಡು, ಕಾಫಿ ಆಮೇಲೆ, ಯಾವುದಕ್ಕೆ ರುಜು ಬೇಕು ತೋರಿಸು ಎಂದ. ಅಷ್ಟು ಬಿರುಸಾಗಿ ಹೇಳುವ ಉದ್ದೇಶವಿರಲಿಲ್ಲ, ದಾರಿಯುದ್ದಕ್ಕೂ ಮಸೆದಿದ್ದರಿಂದ ಹಾಗೆ ಬಂತು. ಅಣ್ಣ ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಿಂದ ಒಂದು ಹಾಳೆ ತಂದು ಮುಂದಿಟ್ಟ. ಹಕ್ಕು ಬಿಡುಗಡೆಯಲ್ಲ, ವಂಶವೃಕ್ಷದ ಅರ್ಜಿ. ದೇವಿರಮ್ಮ, ಮರಣ. ಅವಳ ಕೆಳಗೆ ಒಂದು, ದೊಡ್ಡಸಿದ್ದಯ್ಯ; ಎರಡು, ಕೆಂಪರಾಜು. ಎರಡರ ಮುಂದೆಯೂ ಒಂದೇ ಥರ, ವಾಸ ಪೂರಿಗಾಲಿ ಎಂದು ಬರೆದಿತ್ತು. ಊರೋರೆಲ್ಲ ಅವ್ನು ದೊಡ್ಡವ್ವನ್ ಮಗ ಆಗೋದ, ಎಸ್ರು ಬ್ಯಾಡ ಬುಡು ಅಂದ್ರು, ನಾ ಬರಿಸ್ದೆ ಎಂದ ದೊಡ್ಡಸಿದ್ದಯ್ಯ. ಕೆಂಪರಾಜು ಹಾಳೆಯನ್ನು ಎರಡು ಸಲ ಓದಿದ. ಇಬ್ಬರ ಹೆಸರೂ ಇಲ್ಲದಿದ್ದರೆ ಖಾತೆ ಆಗುವುದಿಲ್ಲವೇನೋ, ಅದಕ್ಕೇ ಬರೆಸಿರಬೇಕು. ಹಾಗಿದ್ದರೆ ವಾಸ ಪೂರಿಗಾಲಿ ಎಂದು ಯಾಕೆ? ಅದು ಗುಮಾಸ್ತನ ತಪ್ಪೋ ಇವನೇ ಹೇಳಿ ಬರೆಸಿದ್ದೋ? ಇಪ್ಪತ್ತಾರು ವರ್ಷ ಹುಡುಗರ ತಪ್ಪು ತಿದ್ದಿದ ಕೈ ಪೆನ್ನು ತೆಗೆಯಿತು, ಏನೂ ತಿದ್ದದೆ ರುಜು ಹಾಕಿತು.

ಆಮೇಲೆ ದೊಡ್ಡಸಿದ್ದಯ್ಯ ದೇವರ ಗೂಡಿಗೆ ಕೈಹಾಕಿ, ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದು ಕಾಗದದ ಪೊಟ್ಟಣ ತಂದು ಅಂಗೈ ಮೇಲೆ ಇಟ್ಟುಕೊಂಡು ನಿಂತ. ಕಂದಿದ ಕಾಗದ, ಅರಿಶಿನದ ದಾರ ಸುತ್ತಿತ್ತು. ಕೆಂಪರಾಜುವಿಗೆ ಏನೂ ಹೇಳಬೇಕಾಗಿರಲಿಲ್ಲ. ಅವನು ಜಗಲಿಯ ಮೇಲೆ ಕೂತ. ಅವ್ವನ ಸೀರೆಗಳ ಅಡಿಯಲ್ಲಿತ್ತು ಎಂದ ಅಣ್ಣ. ನೀರಿಗೆ ಬುಟ್ಟಿಲ್ಲ ಅವ್ಳು. ನೋಡುತ್ಲೆ ಗೊತ್ತಾಯ್ತು, ಇದು ನನ್ ಮಗ್ಗಿ ಪುಸ್ತಕದ ಆಳೆ. ಪೊಟ್ಟಣದ ಮೇಲ್ಮೈಯಲ್ಲಿ ಏಳರ ಮಗ್ಗಿ ದುಂಡಾಗಿ ಇತ್ತು, ಏಳೆಂಟಲ ಐವತ್ತಾರರವರೆಗೆ ಕಾಣಿಸುತ್ತಿತ್ತು. ಏಳನೇ ಕ್ಲಾಸಿನಲ್ಲಿ ಲೆಕ್ಕಕ್ಕೆ ತಾಲ್ಲೂಕಿಗೇ ಮೊದಲು ಬಂದಿದ್ದವನ ಅಕ್ಷರ. ಆ ವಾರವೇ ಅವನು ಇಸ್ಕೂಲು ಬಿಟ್ಟಿದ್ದು, ಪುಸ್ತಕ ಹರಿದು ಪೊಟ್ಟಣವಾದದ್ದು. ಇದನ್ನು ಕೆಂಪರಾಜು ಯಾವ ಕ್ಲಾಸಿನಲ್ಲೂ ಹೇಳಿಲ್ಲ. ಅವನಿಗೆ ಇದು ಇವತ್ತಿನವರೆಗೆ ಹೊಳೆದೇ ಇರಲಿಲ್ಲ.

"ಅವ್ವ ಮಾಡ್ದೆ ಬುಟ್ಟದ್ದ ನಾವಾದ್ರೂ ಮಾಡವ" ಎಂದ ದೊಡ್ಡಸಿದ್ದಯ್ಯ. "ಇಬ್ರೂ ಓಗಿ ನಾಲೇಗೆ ಬುಟ್ಟು ಬರನ. ಅದ್ಕೇ ಕರೆದಿದ್ದು."

ಒಗೆದ ಪಂಚೆ ಅದಕ್ಕೆ. ಕೆಂಪರಾಜು ಕೈ ಚಾಚಿದ. ಅಣ್ಣ ಕೊಟ್ಟ. ಇವನು ಅದನ್ನು ಬೆಳಕಿಗೆ ಹಿಡಿದು ದಾರದ ಗಂಟು ನೋಡಿದ, ಕಾಗದದ ಮಡಿಕೆ ನೋಡಿದ, ಒಮ್ಮೆ ಬಿಚ್ಚಿ ಮತ್ತೆ ಕಟ್ಟಿದ್ದರೆ ಮಡಿಕೆ ಎರಡಾಗಿರುತ್ತದೆ ಎಂದು ಉಗುರಿನಿಂದ ಸವರಿದ. ದೊಡ್ಡಸಿದ್ದಯ್ಯ ಅದನ್ನೆಲ್ಲ ನೋಡುತ್ತಾ ನಿಂತಿದ್ದ. ನಾ ಬಿಚ್ಚಿಲ್ಲ ಕಣ್ಲಾ ಎಂದ, ಸಿಟ್ಟಿಲ್ಲದೆ. ಆಗಲೇ ಕೆಂಪರಾಜುವಿನ ಒಳಗಿನದು ಒಡೆದು ಹೊರಗೆ ಬಂತು. ನೀನು ಯಾಕೆ ಬಿಚ್ಚುತ್ತೀಯ, ಇದರಲ್ಲಿ ಏನಿದೆ ಅಂತ ನಿಮಗೆಲ್ಲ ಗೊತ್ತಿದ್ದದ್ದೇ, ಓಡಿಬಂದವನಿಗೆ ಹೆಂಟೆಯಲ್ಲಿ ಹೊಡೆದೆಯಲ್ಲ, ಅವತ್ತೇ ನನಗೆ ಗೊತ್ತಾಯಿತು, ಬೇಡದವನನ್ನು ಸಾಗಹಾಕಿದ್ದೀರಿ ಅಂತ. ಐವತ್ತಮೂರು ವರ್ಷದವನು ತಾನು ಹತ್ತು ವರ್ಷದವನ ದನಿಯಲ್ಲಿ ಮಾತಾಡುತ್ತಿದ್ದೇನೆ ಎಂದು ಅವನಿಗೆ ಕೇಳಿಸುತ್ತಲೂ ಇತ್ತು. ದೊಡ್ಡಸಿದ್ದಯ್ಯ ಇವನ ಪಕ್ಕ ಕೂತ.

"ನೀನು ಬೂಟು ಆಕ್ಕಂಡು ಬಂದಿದ್ದೆ" ಎಂದ. "ಬೆಳ್ಳಗಿದ್ದೊ. ನಾ ಮಣ್ಣಲ್ ನಿಂತಿದ್ದೆ. ಒಟ್ಟೆ ಉರೀತು, ಒಡದ್ಬುಟ್ಟೆ. ಸಾಗಾಕಾದು ಏನು ಬಂತು ಅದ್ರಲ್ಲಿ."

ನಲವತ್ತಮೂರು ವರ್ಷದ ಒಂದು ಶಾಸನವನ್ನು ಯಾರೋ ತಲೆಕೆಳಗು ಮಾಡಿ ಹಿಡಿದ ಹಾಗಾಯಿತು ಕೆಂಪರಾಜುವಿಗೆ. ಆ ಬೂಟು ಅವನಿಗೆ ಕಚ್ಚುತ್ತಿತ್ತು, ಆ ದಿನ ಹಿಮ್ಮಡಿ ಸುಲಿದು ಹೋಗಿತ್ತು, ಅದೊಂದೇ ಅವನಿಗೆ ನೆನಪು. ದೊಡ್ಡಸಿದ್ದಯ್ಯ ನಿಧಾನವಾಗಿ ಹೇಳುತ್ತಾ ಹೋದ. ಮೊದಲ ವರ್ಷ ಗದ್ದೆಯಲ್ಲಿ ನಿಂತು ಮಗ್ಗಿ ಹೇಳಿಕೊಳ್ಳುತ್ತಿದ್ದನಂತೆ. ನಿನ್ನ ಜಾಗದಲ್ಲಿ ನಾನಿದ್ದರೆ ಎಂದು ಅಳುತ್ತಿದ್ದನಂತೆ. ಆಮೇಲೆ ಬಿಟ್ಟನಂತೆ. ದೇವರು ಎತ್ತಿಸಿದ್ದು, ಇಬ್ಬರಿಗೂ ಸಮ ಇಟ್ಟಿದ್ದ, ಅವನ ಕೈಗೆ ಅದು ಬಂತು, ನನ್ನ ಪಾಲಿಗೆ ಇದು ಬಂತು. ಅದರಲ್ಲಿ ಮೋಸ ಇಲ್ಲ ಎಂದು ಒಂದು ದಿನ ಅನ್ನಿಸಿತಂತೆ. ಅವತ್ತಿಂದ ಒಟ್ಟೆಕಿಚ್ಚು ಓಯ್ತು ನೋಡು ಎಂದ. ಅಷ್ಟು ಹೇಳಿ ಎದ್ದು, ಬಾ ಓಗನ ಎಂದು ಕೈ ನೀಡಿದ.

ಈ ಮಾತಿನಲ್ಲಿ ಒಂದು ಎಚ್ಚರಿಕೆ ಇತ್ತು. ಇನ್ನೊಬ್ಬನಾಗಿದ್ದರೆ ಕೇಳಿಸಿಕೊಳ್ಳುತ್ತಿದ್ದ. ಕೆಂಪರಾಜು ಕೇಳಿಸಿಕೊಂಡದ್ದು ಮೋಸ ಎನ್ನುವ ಒಂದು ಪದವನ್ನು ಮಾತ್ರ. ಇನ್ನು ಹತ್ತು ನಿಮಿಷಕ್ಕೆ ಇದು ನೀರಿನಲ್ಲಿರುತ್ತದೆ, ಆಮೇಲೆ ಸಾಯುವವರೆಗೂ ಒಳಗಿನವನು ಕೇಳುತ್ತಲೇ ಇರುತ್ತಾನೆ, ನಾಗಶ್ರೀ ಎದ್ದು ನಿಂತೇ ಇರುತ್ತಾಳೆ. ನನಗೆ ನೋಡಬೇಕು ಎಂದ. ಬ್ಯಾಡ ಕಣ್ಲಾ ಎಂದ ದೊಡ್ಡಸಿದ್ದಯ್ಯ. ಅಷ್ಟರಲ್ಲಿ ಇವನ ಹೆಬ್ಬೆರಳು ದಾರದ ಕೆಳಗೆ ಹೋಗಿತ್ತು. ಹಳತಾಗಿ ಲಡ್ಡಾದ ದಾರ, ಎಳೆಯುವ ಮುಂಚೆಯೇ ಕಿತ್ತಿತು. ಏಳರ ಮಗ್ಗಿ ಬಿಚ್ಚಿಕೊಂಡು ಏಳ್ಹತ್ತಲ ಎಪ್ಪತ್ತರವರೆಗೂ ಬಂತು. ಒಳಗೆ ಕುಂಕುಮ. ಕಟ್ಟಿದ ದಿನ ಹೇಗಿತ್ತೋ ಹಾಗೇ ಕೆಂಪಗಿತ್ತು, ಒಂದಿಷ್ಟು ಅವನ ಪ್ಯಾಂಟಿನ ಮೇಲೆ ಚೆಲ್ಲಿತು.

ಕೆಂಪರಾಜುವಿಗೆ ಮೊದಲು ಆದದ್ದು ಗೆಲುವು. ನಾಚಿಕೆಯಿಲ್ಲದೆ ಹೇಳಬೇಕೆಂದರೆ ಗೆಲುವೇ. ನಾನು ಅಂದುಕೊಂಡದ್ದೇ ಸರಿ. ನೋಡು ಎಂದು ತಲೆಯೆತ್ತಿ ಅಣ್ಣನ ಕಡೆ ತೋರಿಸಿದ. ತೋರಿಸಿದ ಕೈ ಅಲ್ಲೇ ನಿಂತಿತು. ದೊಡ್ಡಸಿದ್ದಯ್ಯ ಕಾಗದದ ಮೇಲೆ ಬಗ್ಗಿ, ಕನ್ನಡಕ ಇಲ್ಲದವರು ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಒಂದು ಬೆರಳಿನಿಂದ ಕುಂಕುಮವನ್ನು ಆ ಕಡೆ ಈ ಕಡೆ ಸರಿಸಿದ, ಅಡಿಯಲ್ಲಿ ಒಂದು ಚಿಟಿಕೆ ಕಪ್ಪಾದರೂ ಇದ್ದೀತೆಂದು ಹುಡುಕುವಹಾಗೆ. ಕಾಗದದ ಮೂಲೆ ಮೂಲೆ ಬಿಡಿಸಿ ನೋಡಿದ. ಆಮೇಲೆ ಗೋಡೆಗೆ ಒರಗಿ ಕೂತ. ಅವನ ಮುಖ ಒಂದೇ ಸಲಕ್ಕೆ ಮುದುಕನದಾಯಿತು.

"ಎರಡ್ರಲ್ಲೂ ಕುಂಕುಮ್ವೇ" ಎಂದ. "ಅಂಗಾರೆ ನಾನು ಅದ್ರೊಳಗೆ ಇರ್ಲೇ ಇಲ್ಲ."

ಕೆಂಪರಾಜುವಿಗೆ ಅರ್ಥವಾಗಲು ಅಷ್ಟು ಹೊತ್ತು ಬೇಕಾಯಿತು. ತಾನು ಯಾವುದನ್ನು ಎತ್ತಿದ್ದರೂ ಹೋಗುತ್ತಿದ್ದ. ತಮ್ಮ ಯಾವುದನ್ನು ಎತ್ತಿದ್ದರೂ ಅಣ್ಣ ಹೋಗುತ್ತಿರಲಿಲ್ಲ. ಲೆಕ್ಕದಲ್ಲಿ ಮೊದಲು ಬಂದವನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇದನ್ನು ಅವನು ನಲವತ್ತಮೂರು ವರ್ಷ ತಿಳಿಯದೆ, ಸಮ ಇತ್ತು ಎಂದು ನಂಬಿ, ಹೆಂಟೆ ಒಡೆದು, ಅಪ್ಪನನ್ನು ಎತ್ತಿ ಮಲಗಿಸಿ, ಅವ್ವನ ಕೊನೆಯ ತಿಂಗಳು ಅವಳ ಮೈ ಒರೆಸಿ ಬದುಕಿದ್ದ. ಹಾಗೇ ನೀರಿಗೆ ಬಿಟ್ಟು ಬರೋಣ ಎಂದು ಪಂಚೆ ಒಗೆದುಕೊಂಡು ಕಾದಿದ್ದ. ಬಿಚ್ಚಿದವನು ತಾನು. ತನ್ನ ಅನುಮಾನಕ್ಕೆ ತಾನೊಬ್ಬನೇ ಬೆಲೆ ತೆರುವುದು ಎಂದು ಇಷ್ಟು ದಿನ ಅಂದುಕೊಂಡಿದ್ದ. ಅವನಿಗೆ ಆ ಕುಂಕುಮವನ್ನು ಮತ್ತೆ ಮಡಿಸಿ ಕಟ್ಟಿ, ಗಂಟು ಹಾಕಿ, ಬೆಳಿಗ್ಗೆಯ ಕ್ಲಾಸಿಗೆ ಮರಳಿ ಹೋಗಿ, ನೋಡಿಲ್ಲಮ್ಮ, ನೋಡುವುದೂ ಇಲ್ಲ, ಕೂತ್ಕೋ ಎನ್ನಬೇಕೆನಿಸಿತು. ಕಾಗದವನ್ನು ಮಡಿಸಿದ. ಹಳೆಯ ಮಡಿಕೆಯಲ್ಲೇ ಅದು ಹರಿಯಿತು.

"ಯಾಕ್ಲಾ ಅಂಗೆ ಮಾಡುದ್ಲು?" ಎಂದ ದೊಡ್ಡಸಿದ್ದಯ್ಯ. ಗೋಡೆಯನ್ನು ಕೇಳುವ ಹಾಗೆ ಕೇಳಿದ. ಆಮೇಲೆ ತಿರುಗಿ ತಮ್ಮನನ್ನೇ ಕೇಳಿದ. "ನೀನು ಓದ್ದೋನು. ಏಳು, ಯಾಕೆ ಮಾಡುದ್ಲು?"

ಒಂದು, ಎರಡು, ಮೂರು, ನಾಲ್ಕು. ಕಾರಣಗಳು ತಾವಾಗಿ ಬಂದು ಸಾಲಾಗಿ ನಿಂತವು, ಒಂದಕ್ಕೂ ಸಾಕ್ಷಿ ಇರಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡ ಅಡಿಗೆ ಕೋಣೆಯಲ್ಲಿ ದೇವಿರಮ್ಮ ಏನು ಯೋಚಿಸಿದಳು, ಚಿಕ್ಕವನು ಓದಿ ಮುಂದೆ ಬರಲಿ ಎಂದೋ, ಒದ್ದೆ ಕಂಬಳಿ ಸಾಕಾಯಿತು ಎಂದೋ, ಗೇಯುವ ತೋಳು ಮನೆಯಲ್ಲಿರಲಿ ಎಂದೋ. ಅದು ಯಾವತ್ತೂ ಗೊತ್ತಾಗುವುದಿಲ್ಲ. ಇಷ್ಟು ವರ್ಷ ಅವನು ಯಾವುದನ್ನು ಕೇಳಲು ಹೆದರಿ ಅವ್ವನ ಎದುರು ಬಾಯಿ ಬಿಟ್ಟಿರಲಿಲ್ಲವೋ, ಯಾವುದು ನಿಜವಾಗಿಬಿಟ್ಟರೆ ತಾನು ತಡೆಯಲಾರೆ ಎಂದುಕೊಂಡಿದ್ದನೋ, ಅದೊಂದೇ ಈಗ ಈ ಮನುಷ್ಯನಿಗೆ ಕೊಡಬಹುದಾದದ್ದು ಎಂದು ಅವನಿಗೆ ಕಂಡಿತು. ಗಂಟಲು ಸರಿಮಾಡಿಕೊಳ್ಳಲಿಲ್ಲ.

"ನಿನ್ನ ಬಿಟ್ಟಿರಕ್ಕೆ ಅವಳಿಗೆ ಆಗ್ತಿರಲಿಲ್ಲ ಅಣ್ಣ" ಎಂದ. "ನಾನಾದ್ರೆ ಹೋಗ್ಲಿ ಅಂತ."

ದೊಡ್ಡಸಿದ್ದಯ್ಯ ತಮ್ಮನ ಮುಖ ನೋಡಿದ. ಆ ನೋಟವನ್ನು ಕೆಂಪರಾಜು ಬಲ್ಲ, ಪ್ರತಿದಿನ ಬೆಳಿಗ್ಗೆ ಷೇವ್ ಮಾಡುವಾಗ ಕನ್ನಡಿಯಲ್ಲಿ ಕಾಣುತ್ತಿದ್ದ ನೋಟ ಅದು. ಹೇಳಿದವನಿಗೆ ಇದರಿಂದ ಏನು ಲಾಭ ಎಂದು ಅಳೆಯುವ ನೋಟ.

"ನಿಜವೇನ್ಲಾ?" ಎಂದ.

"ನಿಜ ಕಣಣ್ಣ" ಎಂದ ಕೆಂಪರಾಜು, ಹರಿದ ಮಗ್ಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ನಾಲೆಗೆ ಹೋಗಲು ಎದ್ದು ನಿಂತು.